ಔಷಧಕ್ಕೆ ಬೆಲೆ ಕಟ್ಟುವವರು ಯಾರು?

ನಮ್ಮ ಧರ್ಮಕೇಂದ್ರದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಲೆಕ್ಕದ ಪುಸ್ತಕವನ್ನು ತಿಂಗಳಿಗೊಮ್ಮೆ ನೋಡಿ ಸಹಿ ಹಾಕುವುದು ನಮ್ಮ ಕರ್ತವ್ಯಗಳಲ್ಲೊಂದು. ನಾವು ಹೊಸದಾಗಿ ಗುರುದೀಕ್ಷೆ ಪಡೆದು ಹಳ್ಳಿಗಳಲ್ಲಿ ಸಹಾಯಕ ಗುರುಗಳಾಗಿದ್ದ ದಿನಗಳಲ್ಲಿ ಇಂಥ ಪುಸ್ತಕಗಳಲ್ಲಿ ಅಕ್ಕಿ, ಸೀಮೆಎಣ್ಣೆ, ಮಕ್ಕಳ ಶಾಲಾ ಶುಲ್ಕ, ಮಳೆಗಾಲಕ್ಕೆ ಮುಂಚಿನ ಹೆಂಚಿನ ಖರ್ಚು, ಇವೇ ಕಾಣುತ್ತಿದ್ದವು. ಇಂದು ಪುಟ ತಿರುವಿದರೆ ಔಷಧದಂಗಡಿಯ ಚೀಟಿಗಳೇ ಹೆಚ್ಚು. ಅವುಗಳಲ್ಲೊಂದು ಪ್ರತಿ ತಿಂಗಳೂ ತಪ್ಪದೆ ಬರುತ್ತದೆ. ಒಂದು ಬಗೆಯ ರಕ್ತದ ಕ್ಯಾನ್ಸರಿನಿಂದ ನರಳುತ್ತಿರುವ ಗೃಹಸ್ಥರೊಬ್ಬರು ದಿನಕ್ಕೊಂದರಂತೆ ನುಂಗುವ ಇಮ್ಯಾಟಿನಿಬ್ ಎಂಬ ಗುಳಿಗೆಯ ಚೀಟಿ ಅದು. ಆ ಗುಳಿಗೆಯ ಬಲದಿಂದಲೇ ಅವರು ಇಂದಿಗೂ ತಮ್ಮ ಹೊಲಿಗೆಯಂತ್ರದ ಮುಂದೆ ಕುಳಿತು ದುಡಿಯುತ್ತಿದ್ದಾರೆ, ಭಾನುವಾರದ ಪೂಜೆಗೆ ಬರುತ್ತಿದ್ದಾರೆ.

ಕಳೆದ ತಿಂಗಳು ಪೂಜೆ ಮುಗಿದ ಮೇಲೆ ಅವರು ನಮ್ಮನ್ನು ತಡೆದು ಕೇಳಿದರು: "ಸ್ವಾಮೀ, ಈ ಗುಳಿಗೆಗೆ ಒಂದು ಕಾಲಕ್ಕೆ ತಿಂಗಳಿಗೆ ಲಕ್ಷ ರೂಪಾಯಿಗೂ ಮೇಲಿತ್ತಂತೆ. ನಿಜವೇ? ಹಾಗಾದರೆ ಬೆಲೆ ಇಳಿಸಿದವರು ಯಾರು? ನಾಳೆ ಅವರೇ ಮತ್ತೆ ಏರಿಸಿದರೆ?"

ಆ ಹೊತ್ತಿನಲ್ಲಿ ನಾವು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ. ಜಾಗತೀಕರಣವೆಂದರೆ ಪರದೇಶದ ಕಾರು, ಪಾನೀಯ, ದೂರದರ್ಶನ ವಾಹಿನಿಗಳು ಎಂದಷ್ಟೇ ನಮ್ಮ ಕುಟುಂಬಗಳಲ್ಲಿ ಅನೇಕರು ಭಾವಿಸಿದ್ದಾರೆ. ಅದು ನಮ್ಮ ಮನೆಯ ಔಷಧದ ಡಬ್ಬಿಯೊಳಗೂ ಕುಳಿತಿದೆ ಎಂಬುದನ್ನು ತಿಳಿಯಲು ಈ ಒಂದು ಗುಳಿಗೆಯ ಕಥೆ ಸಾಕು.

ಔಷಧವು ಕಡಲು ದಾಟಿ ಬರುವುದು ಹೊಸ ಸಂಗತಿಯೇನಲ್ಲ. ಜರ್ಮನಿಯಲ್ಲಿ ಜನಿಸಿದ ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರ್ ಅವರು ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಹಂಚತೊಡಗಿದ್ದು 1880ರಲ್ಲಿ. ಔಷಧವಾಗಲಿ ಅದರ ಜ್ಞಾನವಾಗಲಿ ದೇಶದಿಂದ ದೇಶಕ್ಕೆ ಹರಿಯುವುದನ್ನು ಯಾರೂ ಆಕ್ಷೇಪಿಸಲಾರರು. ಇಂದಿನ ವಿವಾದ ಇರುವುದು ಆ ಹರಿವಿಗೆ ಕಟ್ಟುವ ಅಣೆಕಟ್ಟು ಮತ್ತು ಅದರ ಬಾಗಿಲಿನ ಕೀಲಿಕೈ ಯಾರ ಬಳಿ ಇರಬೇಕೆಂಬುದರಲ್ಲಿ. ಆ ಕೀಲಿಕೈಯ ಹೆಸರು ಪೇಟೆಂಟು.

ಸ್ವಾತಂತ್ರ್ಯ ಬಂದಾಗ ನಮ್ಮಲ್ಲಿ ಜಾರಿಯಲ್ಲಿದ್ದುದು ಬ್ರಿಟಿಷರ 1911ರ ಪೇಟೆಂಟ್ ಕಾನೂನು. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರರು 1959ರಲ್ಲಿ ಸಲ್ಲಿಸಿದ ವರದಿಯು, ದೇಶದ ಪೇಟೆಂಟುಗಳಲ್ಲಿ ಬಹುಪಾಲು ವಿದೇಶೀಯರ ಕೈಯಲ್ಲಿವೆ, ಅವುಗಳಲ್ಲಿ ಹೆಚ್ಚಿನವನ್ನು ಬಳಸಿ ಇಲ್ಲಿ ಏನನ್ನೂ ತಯಾರಿಸುತ್ತಿಲ್ಲ ಎಂಬುದನ್ನು ಎತ್ತಿ ತೋರಿತು. ಅದರ ಫಲವೇ 1970ರ ಪೇಟೆಂಟ್ ಕಾಯಿದೆ. ಈ ಕಾಯಿದೆಯು ಆಹಾರ ಮತ್ತು ಔಷಧಗಳ ವಿಷಯದಲ್ಲಿ ವಸ್ತುವಿಗೆ ಪೇಟೆಂಟ್ ನಿರಾಕರಿಸಿ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ, ಅದೂ ಹೆಚ್ಚೆಂದರೆ 7 ವರ್ಷಗಳ ಅವಧಿಗೆ, ಮನ್ನಣೆ ಕೊಟ್ಟಿತು. ಬೇರೊಂದು ವಿಧಾನದಿಂದ ಅದೇ ಔಷಧವನ್ನು ತಯಾರಿಸಲು ನಮ್ಮ ರಸಾಯನಶಾಸ್ತ್ರಜ್ಞರಿಗೆ ಅಡ್ಡಿಯಿರಲಿಲ್ಲ. ಮುಂದಿನ ಎರಡು ಮೂರು ದಶಕಗಳಲ್ಲಿ ಭಾರತ ಅಗ್ಗದ ಔಷಧಗಳ ತವರಾದದ್ದು ಹೀಗೆ. 1981ರಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಮ್ಮೇಳನದಲ್ಲಿ ಮಾತನಾಡಿದ ಇಂದಿರಾ ಗಾಂಧಿಯವರು, ವೈದ್ಯಕೀಯ ಸಂಶೋಧನೆಗಳು ಪೇಟೆಂಟಿನಿಂದ ಮುಕ್ತವಾಗಿರುವ, ಜೀವನ್ಮರಣದ ನಡುವೆ ಲಾಭಕೋರತನಕ್ಕೆ ಎಡೆಯಿಲ್ಲದ ಜಗತ್ತನ್ನು ಬಯಸಿದ್ದರು.

ಜಗತ್ತು ನಡೆದದ್ದು ಇನ್ನೊಂದು ದಿಕ್ಕಿಗೆ. 1986ರಲ್ಲಿ ಆರಂಭವಾದ ಗ್ಯಾಟ್ ಮಾತುಕತೆಗಳ ಉರುಗ್ವೆ ಸುತ್ತು, 1991ರ ಡಿಸೆಂಬರಿನಲ್ಲಿ ಆರ್ಥರ್ ಡಂಕೆಲ್ ಮುಂದಿಟ್ಟ ಕರಡು, 1994ರ ಏಪ್ರಿಲಿನ ಮರಾಕೇಶ್ ಸಹಿ, 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆಯ ಉದಯ, ಇವು ಹಿರಿಯ ವಾಚಕರಿಗೆ ನೆನಪಿರಬಹುದು. ಆಗ ಗುರುಮಠದಲ್ಲಿ ತತ್ವಶಾಸ್ತ್ರ ಓದುತ್ತಿದ್ದ ನಮಗೆ ಡಂಕೆಲ್ ಎಂಬ ಹೆಸರು ಪರಿಚಯವಾದದ್ದು ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರ ರೈತ ಸಂಘದ ಚಳವಳಿಯಿಂದ. 1993ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಬೃಹತ್ ರೈತ ಸಮಾವೇಶವೇ ನಡೆಯಿತು. ಬಿತ್ತನೆ ಬೀಜದ ಮೇಲಿನ ಹಕ್ಕಿಗಾಗಿ ಕರ್ನಾಟಕದ ರೈತ ಬೀದಿಗಿಳಿದ. ಔಷಧದ ಮೇಲಿನ ಹಕ್ಕಿಗಾಗಿ ಅಷ್ಟು ದೊಡ್ಡ ಧ್ವನಿ ಏಳಲಿಲ್ಲ. ಬೀಜ ಕೊಳ್ಳುವವನಿಗೆ ತಾನು ಪ್ರತಿವರ್ಷ ಕೊಳ್ಳಬೇಕೆಂದು ಗೊತ್ತಿರುತ್ತದೆ. ರೋಗಿಯಾಗುವವನಿಗೆ ತಾನು ರೋಗಿಯಾಗುವೆನೆಂದು ಮೊದಲೇ ತಿಳಿಯುವುದಿಲ್ಲವಷ್ಟೆ.

ಹೊಸ ಒಪ್ಪಂದದ ಪ್ರಕಾರ ಸದಸ್ಯ ರಾಷ್ಟ್ರಗಳೆಲ್ಲವೂ ಔಷಧಕ್ಕೂ 20 ವರ್ಷಗಳ ಪೇಟೆಂಟ್ ಕೊಡಬೇಕಾಯಿತು. ಭಾರತಕ್ಕೆ 2005ರವರೆಗೆ ಗಡುವು ದೊರೆಯಿತು. ಈ ಗಡುವಿನ ಅವಧಿಯಲ್ಲಿಯೇ ಆಫ್ರಿಕದಲ್ಲಿ ಏಡ್ಸ್ ರೋಗ ಊರೂರುಗಳನ್ನು ಬರಿದು ಮಾಡುತ್ತಿತ್ತು. ರೋಗವನ್ನು ಹತೋಟಿಯಲ್ಲಿಡುವ ಮೂರು ಔಷಧಗಳ ಮಿಶ್ರಣ ಇತ್ತು, ಆದರೆ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರಿಗೂ ಮಿಗಿಲಾದ ಬೆಲೆ. ದಕ್ಷಿಣ ಆಫ್ರಿಕದ ಸರ್ಕಾರ ಅಗ್ಗದ ಔಷಧ ತರಿಸಿಕೊಳ್ಳಲು 1997ರಲ್ಲಿ ಕಾನೂನು ಮಾಡಿದರೆ, 39 ಔಷಧ ಕಂಪನಿಗಳು ಒಟ್ಟಾಗಿ ಅದರ ಮೇಲೆ ದಾವೆ ಹೂಡಿದವು. 2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದೇ ಮಿಶ್ರಣವನ್ನು ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ ಘೋಷಿಸಿದರು. ಎರಡು ತಿಂಗಳಲ್ಲಿ, ಜಗತ್ತಿನ ಛೀಮಾರಿಗೆ ಅಂಜಿ, ಕಂಪನಿಗಳು ದಾವೆಯನ್ನು ಹಿಂದಕ್ಕೆ ಪಡೆದವು. ಆ ವರ್ಷದ ನವೆಂಬರಿನಲ್ಲಿ ದೋಹಾದಲ್ಲಿ ಸೇರಿದ ವ್ಯಾಪಾರ ಸಚಿವರು, ಪೇಟೆಂಟ್ ಒಪ್ಪಂದವು ಜನತೆಯ ಆರೋಗ್ಯ ರಕ್ಷಿಸುವ ಸರ್ಕಾರಗಳ ಕೈಕಟ್ಟಬಾರದೆಂಬ ಘೋಷಣೆಗೆ ಒಪ್ಪಿದರು.

ಈಗ ನಮ್ಮ ಗೃಹಸ್ಥರ ಗುಳಿಗೆಗೆ ಬರೋಣ. ಸ್ವಿಟ್ಜರ್ಲೆಂಡಿನ ನೊವಾರ್ಟಿಸ್ ಕಂಪನಿಯು ಗ್ಲಿವೆಕ್ ಎಂಬ ಹೆಸರಿನಲ್ಲಿ ಮಾರುತ್ತಿದ್ದ ಈ ಔಷಧಕ್ಕೆ ತಿಂಗಳಿಗೆ ಸುಮಾರು 1,20,000 ರೂಪಾಯಿ ಬೆಲೆಯಿತ್ತು. ಭಾರತೀಯ ಕಂಪನಿಗಳು ಅದನ್ನೇ 8ರಿಂದ 10 ಸಾವಿರಕ್ಕೆ ಕೊಡುತ್ತಿದ್ದವು. ಇಂದು ಅದಕ್ಕಿಂತಲೂ ಕಡಿಮೆಗೆ ಸಿಗುತ್ತದೆ. ನೊವಾರ್ಟಿಸ್ ಭಾರತದಲ್ಲಿ ಪೇಟೆಂಟ್ ಕೋರಿದ್ದು ಮೂಲ ಅಣುವಿಗಲ್ಲ, ಅದರ ಲವಣದ ಒಂದು ವಿಶಿಷ್ಟ ಹರಳಿನ ರೂಪಕ್ಕೆ. 2006ರಲ್ಲಿ ಚೆನ್ನೈಯ ಪೇಟೆಂಟ್ ಕಚೇರಿ ಅದನ್ನು ನಿರಾಕರಿಸಿತು. ಕಾರಣ, 2005ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದುವಾಗ ಎಡಪಕ್ಷಗಳ ಒತ್ತಾಯದಿಂದ ಬಲಪಡಿಸಲ್ಪಟ್ಟ 3(ಡಿ) ಎಂಬ ಕಲಮು. ಈಗಾಗಲೇ ತಿಳಿದಿರುವ ವಸ್ತುವಿನ ಹೊಸ ರೂಪವು ಗುಣಕಾರಿ ಶಕ್ತಿಯಲ್ಲಿ ಗಣನೀಯವಾಗಿ ಮೇಲಾಗಿದ್ದರೆ ಮಾತ್ರ ಅದು ಹೊಸ ಆವಿಷ್ಕಾರವೆನಿಸುತ್ತದೆ ಎಂಬುದು ಅದರ ಸಾರ. ಏಳು ವರ್ಷಗಳ ವ್ಯಾಜ್ಯದ ನಂತರ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಕಂಪನಿಯ ಮೇಲ್ಮನವಿಯನ್ನು ತಳ್ಳಿಹಾಕಿತು. ನಮ್ಮ ಗೃಹಸ್ಥರ ಮೊದಲ ಪ್ರಶ್ನೆಗೆ ಉತ್ತರ ಇದು. ಬೆಲೆ ಇಳಿದದ್ದು ಯಾರ ಔದಾರ್ಯದಿಂದಲೂ ಅಲ್ಲ. ಒಂದು ಕಾಯಿದೆಯ ಒಂದು ಉಪಕಲಮು, ಅದನ್ನು ಹಿಡಿದು ಹೋರಾಡಿದ ಕ್ಯಾನ್ಸರ್ ರೋಗಿಗಳ ಒಂದು ಸಂಘ, ಮತ್ತು ಮಣಿಯದ ನ್ಯಾಯಾಲಯ, ಇವುಗಳಿಂದ.

ಔದಾರ್ಯದ ಮಾತು ಬಂದುದರಿಂದ ಒಂದು ಸಂಗತಿಯನ್ನು ಮರೆಮಾಚಬಾರದು. ನೊವಾರ್ಟಿಸ್ ಭಾರತದಲ್ಲಿ ಸಹಸ್ರಾರು ರೋಗಿಗಳಿಗೆ ಈ ಔಷಧವನ್ನು ಉಚಿತವಾಗಿ ಕೊಟ್ಟಿದೆ. ಹಾಗಿದ್ದರೆ ತಕರಾರೇನು ಎಂದು ಕೇಳುವವರಿದ್ದಾರೆ. ನಾವೂ ದಾನ ಹಂಚುವ ಕೆಲಸದಲ್ಲಿರುವವರೇ ಆದ್ದರಿಂದ ಅದರ ಮಿತಿಯನ್ನು ಬಲ್ಲೆವು. ಕೊಡುವವನು ಪಟ್ಟಿ ಮಾಡುತ್ತಾನೆ, ಪಟ್ಟಿಯಲ್ಲಿ ಹೆಸರು ಸೇರಿಸುವ ಹಾಗೆಯೇ ತೆಗೆಯುವ ಅಧಿಕಾರವೂ ಅವನದೇ. ಪಡೆಯುವವನು ಬಾಗಿಲ ಬಳಿ ಟೋಪಿ ತೆಗೆದು ನಿಲ್ಲಬೇಕು. ನಮ್ಮ ವಿನ್ಸೆಂಟ್ ಸಭೆಯ ಮುಂದೆ ಹಾಗೆ ನಿಂತವರ ಮುಖವನ್ನು ನೋಡಿರುವ ನಮಗೆ, ಅಂಗಡಿಗೆ ಹೋಗಿ ತನ್ನ ದುಡಿಮೆಯ ಹಣದಲ್ಲಿ ಗುಳಿಗೆ ಕೊಳ್ಳುವುದು ಎಷ್ಟು ದೊಡ್ಡ ಮಾತೆಂದು ಯಾರೂ ಹೇಳಿಕೊಡಬೇಕಿಲ್ಲ.

ಇಲ್ಲಿ ಗುರುಮಠದ ಹಳೆಯ ಅಭ್ಯಾಸಕ್ಕೆ ಒಳಗಾಗಿ ಒಂದು ಪದದ ಮೂಲಕ್ಕೆ ಹೋಗುವುದನ್ನು ವಾಚಕರು ಮನ್ನಿಸಬೇಕು. ಪೇಟೆಂಟ್ ಎಂಬುದು ತೆರೆದಿರುವುದು ಎಂಬರ್ಥದ ಲತೀನ್ ಧಾತುವಿನಿಂದ ಬಂದದ್ದು. ಅರಸನು ಎಲ್ಲರೂ ಓದುವಂತೆ ಮುದ್ರೆ ಮುರಿಯದೆ ತೆರೆದಿಟ್ಟ ಸನ್ನದು ಅದು. ಎಂದರೆ ಪೇಟೆಂಟ್ ಮೂಲತಃ ಒಂದು ಕೊಡುಕೊಳ್ಳುವಿಕೆ. ಸಂಶೋಧಕನು ತನ್ನ ಗುಟ್ಟನ್ನು ಸಮಾಜಕ್ಕೆ ತೆರೆದಿಡಬೇಕು, ಪ್ರತಿಯಾಗಿ ಸಮಾಜವು ಕೆಲವು ಕಾಲ ಅವನಿಗೆ ಏಕಸ್ವಾಮ್ಯ ಕೊಡಬೇಕು. ಇದು ಹೊಲ ಮನೆಗಳಂತೆ ಹುಟ್ಟಿನಿಂದ ಬಂದ ಆಸ್ತಿಯಲ್ಲ, ಪ್ರಭುತ್ವ ಕೊಟ್ಟ ಸವಲತ್ತು. ಹೊಸದೇನನ್ನೂ ತೆರೆದಿಡದೆ ಹಳೆಯ ಔಷಧದ ರೂಪವನ್ನಿಷ್ಟು ಬದಲಿಸಿ ಇನ್ನೂ 20 ವರ್ಷ ಕೇಳುವವನು ಕೊಡುವುದನ್ನು ಕೊಡದೆ ಕೊಳ್ಳುವುದನ್ನು ಮಾತ್ರ ಕೇಳುತ್ತಾನೆ. ಹೊಲ ಮನೆಗಳ ಒಡೆತನದ ವಿಷಯದಲ್ಲಿಯೇ, ಪ್ರಾಣಾಪಾಯದ ಅಗತ್ಯ ಬಂದಾಗ ವಸ್ತುಗಳು ಎಲ್ಲರಿಗೂ ಸಾಮಾನ್ಯವಾಗುತ್ತವೆ ಎಂದು ಸಂತ ಥಾಮಸ್ ಅಕ್ವಿನಾಸರು 13ನೇ ಶತಮಾನದಲ್ಲಿ ವಾದಿಸಿದ್ದರು. ಪೋಪ್ ಹದಿನಾರನೇ ಬೆನೆಡಿಕ್ಟರು 2009ರ ತಮ್ಮ ವಿಶ್ವಪತ್ರದಲ್ಲಿ, ಆರೋಗ್ಯ ಕ್ಷೇತ್ರದಲ್ಲಿ ಬೌದ್ಧಿಕ ಆಸ್ತಿಯ ಹಕ್ಕನ್ನು ಶ್ರೀಮಂತ ದೇಶಗಳು ಅತಿಯಾಗಿ ಬಿಗಿಹಿಡಿಯುವುದನ್ನು ನೇರವಾಗಿಯೇ ಆಕ್ಷೇಪಿಸಿದರು.

ಎದುರು ಪಕ್ಷದ ವಾದವನ್ನೂ ನ್ಯಾಯವಾಗಿ ಕೇಳಬೇಕು. ಹೊಸ ಔಷಧವೊಂದನ್ನು ಕಂಡುಹಿಡಿಯಲು ಅಪಾರ ಹಣ, ಹತ್ತಾರು ವರ್ಷಗಳ ಶ್ರಮ, ಅನೇಕ ಸೋಲುಗಳು ಬೇಕಾಗುತ್ತವೆ. ಲಾಭದ ಭರವಸೆಯಿಲ್ಲದಿದ್ದರೆ ಆ ಸಾಹಸಕ್ಕೆ ಕೈಹಾಕುವವರು ಯಾರು? ಈ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಇಮ್ಯಾಟಿನಿಬ್ಬನ್ನು ಯಾರೂ ಕಂಡುಹಿಡಿಯದೇ ಇದ್ದಿದ್ದರೆ ಅಗ್ಗವಾಗಿ ತಯಾರಿಸಲು ಏನಿರುತ್ತಿತ್ತು? ಆದರೆ ಲಾಭದ ಭರವಸೆಯು ಎಲ್ಲಿಯವರೆಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ನಮ್ಮ ಮಲೆನಾಡಿನಲ್ಲೇ ಒಂದು ಸಾಕ್ಷಿಯಿದೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದಾಗ ಮೊದಲು ಗುರುತಿಸಲ್ಪಟ್ಟದ್ದು ಮಂಗನ ಕಾಯಿಲೆ. ಉಣುಗು ಕಚ್ಚಿ ಮನುಷ್ಯರಿಗೆ ಅಂಟುವ ಈ ಜ್ವರ ಆರು ದಶಕಗಳಿಗೂ ಮಿಕ್ಕಿ ಪ್ರತಿ ಬೇಸಗೆಯಲ್ಲೂ ಮಲೆನಾಡನ್ನು ಕಾಡುತ್ತ ಬಂದಿದೆ. ಅದಕ್ಕೆ ಇಂದಿಗೂ ನಿರ್ದಿಷ್ಟ ಔಷಧವಿಲ್ಲ. ದಶಕಗಳ ಕಾಲ ಕೊಡುತ್ತಿದ್ದ ಹಳೆಯ ಲಸಿಕೆಯ ಶಕ್ತಿ ಕುಂದಿದ್ದರಿಂದ 2022ರಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಹೊಸ ಲಸಿಕೆಯ ಪ್ರಯತ್ನ ಆರಂಭವಾದದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಎಂದರೆ ಸರ್ಕಾರದ, ಮುತುವರ್ಜಿಯಿಂದ. 20 ವರ್ಷಗಳ ಪೇಟೆಂಟ್ ಕೊಡುತ್ತೇವೆಂದರೂ ಯಾವ ಬಹುರಾಷ್ಟ್ರೀಯ ಕಂಪನಿಯೂ ಇತ್ತ ಸುಳಿಯಲಿಲ್ಲ. ಸುಳಿಯುವುದಾದರೂ ಏಕೆ? ಇದರ ರೋಗಿಗಳು ಕಾಡಿಗೆ ಸೊಪ್ಪು, ದರಗು, ಸೌದೆ ತರಲು ಹೋಗುವವರು, ತೋಟದ ಕೂಲಿಗಳು. ಅವರ ಕಾಯಿಲೆಗೆ ಮಾರುಕಟ್ಟೆಯಿಲ್ಲ. ಪೇಟೆಂಟ್ ಪದ್ಧತಿಯು ಸಂಶೋಧನೆಗೆ ಪ್ರೇರಕವೆಂಬ ಮಾತನ್ನು ಒಪ್ಪುತ್ತಲೇ, ಯಾರ ಕಾಯಿಲೆಯ ಸಂಶೋಧನೆಗೆ ಎಂದು ಕೇಳುವ ಹಕ್ಕು ಸೊರಬ, ಸಾಗರ, ತೀರ್ಥಹಳ್ಳಿಯವರಿಗೆ ಇದೆ.

ಜಾಗತೀಕರಣವು ನಮ್ಮ ಆರೋಗ್ಯ ನೀತಿಯನ್ನು ಪೇಟೆಂಟಿನ ಮೂಲಕ ಮಾತ್ರ ತಿದ್ದಿತೆನ್ನುವಂತಿಲ್ಲ. ವಿಶ್ವಬ್ಯಾಂಕು 1993ರ ತನ್ನ ವಾರ್ಷಿಕ ವರದಿಯನ್ನು ಆರೋಗ್ಯಕ್ಕೇ ಮೀಸಲಿಟ್ಟಿತು. 1996ರಿಂದ ಅದರ ಸಾಲದ ನೆರವಿನಿಂದ ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲೂಕು ಆಸ್ಪತ್ರೆಗಳ ಅಭಿವೃದ್ಧಿ ಯೋಜನೆ ನಡೆಯಿತು. ಕಟ್ಟಡಗಳು ಎದ್ದವು, ಸಲಕರಣೆಗಳು ಬಂದವು, ಜೊತೆಗೆ ಬಳಕೆದಾರರ ಶುಲ್ಕವೆಂಬುದೂ ಬಂತು. ಬಡತನದ ರೇಖೆಯ ಕೆಳಗಿನವರಿಗೆ ವಿನಾಯಿತಿ ಎಂದು ಕಾಗದದಲ್ಲಿತ್ತು. ರೇಖೆಯ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತವನ ಪಾಡು ಆ ಕಾಗದದಲ್ಲಿರಲಿಲ್ಲ. ಅನಂತರ 2010ರ ವಾಜಪೇಯಿ ಆರೋಗ್ಯಶ್ರೀ, 2018ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಂದವು. ಇವುಗಳಿಂದ ಅನೇಕರ ಹೃದಯ ಶಸ್ತ್ರಚಿಕಿತ್ಸೆ ನಡೆದಿರುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದರೆ ಇವು ಮುಖ್ಯವಾಗಿ ಹಾಸಿಗೆ ಹಿಡಿದವನ ನೆರವಿಗಿರುವಂಥವು. ಮನೆಯಲ್ಲಿದ್ದುಕೊಂಡು ತಿಂಗಳು ತಿಂಗಳೂ ನುಂಗುವ ಗುಳಿಗೆಯ ಹೊರೆ ಬಹುಮಟ್ಟಿಗೆ ಮನೆಯವರದ್ದೇ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಸ್ವಂತ ಜೇಬಿನಿಂದ ತೆರುವ ಪಾಲು 2013-14ರಲ್ಲಿ ಶೇ. 64ರಷ್ಟಿದ್ದುದು 2021-22ರಲ್ಲಿ ಶೇ. 39ಕ್ಕೆ ಇಳಿದಿದೆಯೆಂದು ಸರ್ಕಾರದ ಲೆಕ್ಕ ಹೇಳುತ್ತದೆ. ಇಳಿದದ್ದು ಸಂತೋಷ. ಉಳಿದ ಶೇ. 39ರಲ್ಲಿ ಔಷಧದಂಗಡಿಯ ಚೀಟಿಯೇ ದೊಡ್ಡದು.

ಹಾಗೆಂದು ಅಗ್ಗದ ಔಷಧ ತಯಾರಿಸುವ ನಮ್ಮ ದೇಶೀ ಕಂಪನಿಗಳಿಗೆಲ್ಲ ಆರತಿ ಎತ್ತಬೇಕಿಲ್ಲ. 2022ರಲ್ಲಿ ಆಫ್ರಿಕದ ಗ್ಯಾಂಬಿಯಾದಲ್ಲಿ 60ಕ್ಕೂ ಹೆಚ್ಚು ಕಂದಮ್ಮಗಳು ಸತ್ತಾಗ ವಿಶ್ವ ಆರೋಗ್ಯ ಸಂಸ್ಥೆ ಬೆರಳು ತೋರಿದ್ದು ಭಾರತದಿಂದ ಹೋದ ಕೆಮ್ಮಿನ ಸಿರಪ್ಪುಗಳತ್ತ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸರಣಿ ಸಾವುಗಳಾದಾಗ ಸಂಶಯ ಬಿದ್ದದ್ದು ನರಕ್ಕೆ ಕೊಡುವ ದ್ರಾವಣದ ಮೇಲೆ. ಅಗ್ಗವೆಂದರೆ ಕಳಪೆಯೆಂದಲ್ಲ. ಆದರೆ ಪರೀಕ್ಷೆ ಮಾಡುವ ಇಲಾಖೆಗಳನ್ನು ಬಡವಾಗಿಸಿದ ಕಡೆ ಅಗ್ಗವು ಕಳಪೆಯಾಗಲು ಹೆಚ್ಚು ಕಾಲ ಬೇಕಿಲ್ಲ. ಇನ್ನೊಂದು ದೌರ್ಬಲ್ಯವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ನೆರವಿನಿಂದ 1954ರಲ್ಲಿಯೇ ಪುಣೆಯ ಬಳಿಯ ಪಿಂಪ್ರಿಯಲ್ಲಿ ಪೆನಿಸಿಲಿನ್ ಕಾರ್ಖಾನೆ ಕಟ್ಟಿದ ದೇಶ, ತೊಂಬತ್ತರ ದಶಕದ ನಂತರ ಔಷಧಗಳ ಮೂಲದ್ರವ್ಯಕ್ಕಾಗಿ ಚೀನಾದ ಬಾಗಿಲು ಕಾಯುವಂತಾಯಿತು. 2020ರ ಮಾರ್ಚಿನಲ್ಲಿ ಕೊರೊನಾ ಹರಡಿದಾಗ ಪ್ಯಾರಾಸಿಟಮಾಲ್ ಸೇರಿದಂತೆ 26 ಔಷಧ ಮತ್ತು ಮೂಲದ್ರವ್ಯಗಳ ರಫ್ತಿಗೆ ನಿರ್ಬಂಧ ಹಾಕಬೇಕಾಗಿ ಬಂದಾಗ ಇದು ಎಲ್ಲರ ಕಣ್ಣಿಗೂ ಬಿತ್ತು.

ಕೊರೊನಾ ಕಾಲದ ಮತ್ತೊಂದು ಪ್ರಸಂಗ. 2020ರ ಅಕ್ಟೋಬರಿನಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕ ಒಟ್ಟಾಗಿ, ಕೊರೊನಾ ಔಷಧ ಮತ್ತು ಲಸಿಕೆಗಳಿಗೆ ಪೇಟೆಂಟ್ ನಿಯಮಗಳಿಂದ ತಾತ್ಕಾಲಿಕ ವಿನಾಯಿತಿ ಕೊಡಬೇಕೆಂದು ವಿಶ್ವ ವ್ಯಾಪಾರ ಸಂಸ್ಥೆಯನ್ನು ಕೇಳಿದವು. ಉತ್ತರ ಬಂದದ್ದು 2022ರ ಜೂನಿನಲ್ಲಿ, ಅದೂ ಲಸಿಕೆಗಳಿಗೆ ಮಾತ್ರ, ಅರೆಮನಸ್ಸಿನಿಂದ. ಅಷ್ಟರಲ್ಲಿ ಸ್ಮಶಾನಗಳ ಮುಂದಿನ ಸಾಲುಗಳು ಕರಗಿದ್ದವು.

ಇನ್ನು ನಮ್ಮ ಗೃಹಸ್ಥರ ಎರಡನೆಯ ಪ್ರಶ್ನೆ: ನಾಳೆ ಏರಿಸಿದರೆ? ಅವರ ಈ ಗುಳಿಗೆಯ ಮಟ್ಟಿಗೆ ಆ ಭಯ ಬೇಡ. ಆದರೆ 2005ರ ನಂತರ ಬಂದ ಹೊಸ ಔಷಧಗಳ ಮೇಲೆ ಪೇಟೆಂಟ್ ಇದೆ, ಮತ್ತು ಅಲ್ಲಿ ಪ್ರತಿಯೊಂದಕ್ಕೂ ಪ್ರತ್ಯೇಕ ಹೋರಾಟ. ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾನ್ಸರಿನ ನೆಕ್ಸಾವರ್ ಎಂಬ ಔಷಧಕ್ಕೆ ಬೇಯರ್ ಕಂಪನಿ ತಿಂಗಳಿಗೆ 2,80,428 ರೂಪಾಯಿ ಪಡೆಯುತ್ತಿತ್ತು. ಅಗತ್ಯವಿದ್ದ ರೋಗಿಗಳಲ್ಲಿ ಶೇ. 2ಕ್ಕಿಂತ ಸ್ವಲ್ಪ ಹೆಚ್ಚು ಜನರಿಗೆ ಮಾತ್ರ ಅದು ಲಭ್ಯವಾಗಿತ್ತು. 2012ರ ಮಾರ್ಚಿನಲ್ಲಿ ಸರ್ಕಾರದ ಪೇಟೆಂಟ್ ನಿಯಂತ್ರಕರು ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಕಡ್ಡಾಯ ಪರವಾನಗಿ ಕೊಟ್ಟರು. ಬೆಲೆ 8,880 ರೂಪಾಯಿಗೆ ಇಳಿಯಿತು. ಅದು ದೇಶದ ಮೊದಲ ಕಡ್ಡಾಯ ಪರವಾನಗಿ. ಆ ಬಳಿಕ ಬೇರೆ ಔಷಧಗಳಿಗಾಗಿ ಬಂದ ಅರ್ಜಿಗಳು ತಿರಸ್ಕೃತವಾದವು. 2023ರ ಮಾರ್ಚಿನಲ್ಲಿ, ಸಾಮಾನ್ಯ ಔಷಧಕ್ಕೆ ಬಗ್ಗದ ಕ್ಷಯರೋಗದ ಬೆಡಾಕ್ವಿಲಿನ್ ಗುಳಿಗೆಯ ಮೇಲೆ ಇನ್ನೂ ನಾಲ್ಕು ವರ್ಷ ಏಕಸ್ವಾಮ್ಯ ವಿಸ್ತರಿಸುವ ಪ್ರಯತ್ನ ಬಿದ್ದುಹೋಯಿತು. ವಿರೋಧಿಸಿದವರಲ್ಲಿ ಇಬ್ಬರು ಮಹಿಳೆಯರಿದ್ದರು. ಒಬ್ಬಾಕೆ ಭಾರತದವರು, ಇನ್ನೊಬ್ಬಾಕೆ ದಕ್ಷಿಣ ಆಫ್ರಿಕದವರು. ಇಬ್ಬರೂ ಕ್ಷಯದಿಂದ ಬದುಕುಳಿದರೂ ಹಳೆಯ ಚಿಕಿತ್ಸೆಯ ದುಷ್ಪರಿಣಾಮದಿಂದ ಕಿವಿ ಕಳೆದುಕೊಂಡವರು. 2025ರಲ್ಲಿ ಮಕ್ಕಳ ಬೆನ್ನುಹುರಿಯ ಸ್ನಾಯುಕ್ಷಯಕ್ಕೆ ಕೊಡುವ ರಿಸ್ಡಿಪ್ಲಾಮ್ ಔಷಧದ ಸರದಿ. ಸುಮಾರು 6 ಲಕ್ಷ ರೂಪಾಯಿಯ ಸೀಸೆಗೆ ಬದಲಾಗಿ ದೇಶೀ ಔಷಧ ತಯಾರಿಸದಂತೆ ತಡೆಯಾಜ್ಞೆ ಕೊಡಲು ದೆಹಲಿ ಹೈಕೋರ್ಟು ನಿರಾಕರಿಸಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೂ ಮಧ್ಯೆ ಪ್ರವೇಶಿಸಲಿಲ್ಲ, ಬೆಲೆ 15,900 ರೂಪಾಯಿಗೆ ಬಂತು. ಇದೇ ರೋಗದ ಮಕ್ಕಳಿಗೆ 16 ಕೋಟಿ ರೂಪಾಯಿಯ ಚುಚ್ಚುಮದ್ದಿಗಾಗಿ ತಂದೆತಾಯಂದಿರು ಪತ್ರಿಕೆಗಳಲ್ಲಿ ಸೆರಗೊಡ್ಡಿದ್ದನ್ನು ವಾಚಕರು ಮರೆತಿರಲಾರರು.

ಗೆಲುವುಗಳ ಈ ಪಟ್ಟಿಯ ಹಿಂದೆ, ಸದ್ದಿಲ್ಲದೆ ನಡೆದಿರುವ ಕೆಲವು ಬದಲಾವಣೆಗಳು ನಮ್ಮನ್ನು ಚಿಂತೆಗೀಡುಮಾಡಿವೆ. ಪೇಟೆಂಟ್ ಪಡೆದ ಕಂಪನಿಯು ಅದನ್ನು ದೇಶದಲ್ಲಿ ಎಷ್ಟು ಬಳಸಿತು, ಎಷ್ಟು ಮಾರಿತು ಎಂದು ಹಿಂದೆ ಪ್ರತಿವರ್ಷ ಲಿಖಿತವಾಗಿ ತಿಳಿಸಬೇಕಿತ್ತು. ನೆಕ್ಸಾವರ್ ಪ್ರಕರಣದಲ್ಲಿ ಇಂಥ ವಿವರಗಳೇ ಆಧಾರವಾದದ್ದು. 2024ರ ಮಾರ್ಚಿನಲ್ಲಿ ತಿದ್ದಿದ ನಿಯಮಗಳ ಪ್ರಕಾರ ಈಗ ಮೂರು ವರ್ಷಗಳಿಗೊಮ್ಮೆ ತಿಳಿಸಿದರಾಯಿತು. ಪೇಟೆಂಟ್ ಕೊಡುವ ಮೊದಲೇ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದೆಂಬ ಅವಕಾಶ ಉಳಿದಿದೆ, ಆದರೆ ಅದು ವಿಚಾರಣೆಗೆ ಯೋಗ್ಯವೇ ಎಂದು ಅಧಿಕಾರಿಯು ಮೊದಲು ತೀರ್ಮಾನಿಸುವ ಹೊಸ್ತಿಲೊಂದು ಸೇರಿದೆ. 2025ರ ಜುಲೈ 24ರಂದು ಸಹಿಯಾದ ಬ್ರಿಟನ್ನಿನೊಡನೆಯ ವ್ಯಾಪಾರ ಒಪ್ಪಂದದಲ್ಲಿ, ಔಷಧ ದೊರಕಿಸಲು ಕಂಪನಿಗಳ ಸ್ವಯಂಪ್ರೇರಿತ ಏರ್ಪಾಡುಗಳೇ ಮೇಲಾದ ಮಾರ್ಗವೆಂಬರ್ಥದ ಮಾತು ಸೇರಿಕೊಂಡಿದೆ. ಇವುಗಳಲ್ಲಿ ಯಾವುದೂ 3(ಡಿ) ಕಲಮನ್ನು ಮುಟ್ಟಿಲ್ಲ ಎಂದು ಸರ್ಕಾರದ ಪರವಾಗಿ ಹೇಳಬಹುದು, ಅದು ಸರಿಯೂ ಹೌದು. ಬಾಗಿಲು ಮುಚ್ಚಿಲ್ಲ. ಒಳಗೆ ಹೋಗುವ ಮೆಟ್ಟಿಲುಗಳನ್ನು ಒಂದೊಂದಾಗಿ ಎತ್ತರಿಸಲಾಗಿದೆ, ಅಷ್ಟೆ. ಚುನಾವಣೆಯ ಸಮಯದಲ್ಲಿ ಮತ ಕೇಳಲು ನಮ್ಮ ಅಂಗಳಕ್ಕೆ ಬರುವ ಯಾವ ಪಕ್ಷದವರ ಬಾಯಿಯಿಂದಲೂ ಈ ಮಾತುಗಳನ್ನು ನಾವು ಇದುವರೆಗೆ ಕೇಳಿಲ್ಲ, ಕೇಳಿದವರನ್ನೂ ಕಂಡಿಲ್ಲ.

ನಮ್ಮ ಗೃಹಸ್ಥರಿಗೆ ಇದೆಲ್ಲವನ್ನೂ ಮುಂದಿನ ಭಾನುವಾರ ಹೇಳಿದೆವು. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಇಮ್ಯಾಟಿನಿಬ್ ಕೆಲವರಲ್ಲಿ ವರ್ಷಗಳ ನಂತರ ಕೆಲಸ ಮಾಡುವುದನ್ನು ನಿಲ್ಲಿಸುತ್ತದಂತೆ, ಆಗ ಬೇರೆ ಔಷಧಕ್ಕೆ ಹೋಗಬೇಕಂತೆ, ವೈದ್ಯರು ಹೇಳಿದ್ದಾರೆ ಎಂದರು. ಆ ಬೇರೆ ಔಷಧಗಳಲ್ಲಿ ಕೆಲವುಗಳ ಪೇಟೆಂಟ್ ಅವಧಿ ಮುಗಿದಿದೆ. ಎಲ್ಲವುಗಳದ್ದೂ ಮುಗಿದಿಲ್ಲ. ಅವರ ಮುಂದಿನ ರಕ್ತಪರೀಕ್ಷೆ ಬರುವ ತಿಂಗಳ ಎರಡನೆಯ ವಾರದಲ್ಲಿದೆ. ಪರೀಕ್ಷೆಯ ಖರ್ಚನ್ನು ವಿನ್ಸೆಂಟ್ ಸಭೆಯ ಪುಸ್ತಕದಲ್ಲಿ ಈಗಾಗಲೇ ಬರೆದಿಟ್ಟಿದ್ದೇವೆ. ಅದರ ಕೆಳಗಿನ ಸಾಲು ಖಾಲಿಯಿದೆ.